ಮೈ ಬೆಳೆಸುವ ಸಾಲು

ಚಾಮರಾಜಪೇಟೆ, ಬೆಂಗಳೂರು
೧೦ ಜುಲೈ ೧೯೮೦

ಪ್ರೀತಿಯ ನಾರಾಯಣಿ,

ನೀನು ಲಿಂಗಸುಗೂರಿಗೆ ಹೋಗಿ ವರ್ಷವಾಗುತ್ತ ಬಂತು. ನಿನ್ನ ಕಾಗದಗಳಲ್ಲಿ ಬಿಸಿಲು, ರೊಟ್ಟಿ ಬಿಟ್ಟರೆ ಇನ್ನೇನೂ ಇರುವುದಿಲ್ಲ. ಈ ಸಲ ನಾನೇ ಸುದ್ದಿ ಕೊಡುತ್ತೇನೆ, ಅದೂ ನಿನ್ನ ಮಗಳದ್ದು.

ಈ ವರ್ಷ ನನಗೆ ನಾಲ್ಕನೇ ತರಗತಿ ಕೊಟ್ಟಿದ್ದಾರೆ. ಯಶೋಧರಾ ಈಗ ನನ್ನ ಕ್ಲಾಸಿನಲ್ಲೇ ಇದ್ದಾಳೆ. ಆಹಾರದ ಪಾಠ ಬಂತು. ಟ್ರೈನಿಂಗ್ ಕಾಲೇಜಿನಲ್ಲಿ ನಾವಿಬ್ಬರೂ ಸೇರಿ ಯೋಚಿಸಿದ್ದೆವಲ್ಲ, ಪುಸ್ತಕ ಮುಚ್ಚಿಟ್ಟು ಮಾಡುವ ಪಾಠ, ಅದನ್ನೇ ಮಾಡಿದೆ. ಮಕ್ಕಳು ಖಾಲಿ ಬೆಂಕಿಪೊಟ್ಟಣಗಳಲ್ಲಿ ಮನೆಯಿಂದ ರಾಗಿ, ಹುರುಳಿ, ಕಡಲೆಬೀಜ ತಂದರು. ಹೆಸರುಕಾಳನ್ನು ಒದ್ದೆ ಬಟ್ಟೆಯಲ್ಲಿ ಕಟ್ಟಿ ಕಿಟಕಿಯಲ್ಲಿಟ್ಟೆವು. ಮೊಳಕೆ ಬಂದ ದಿನ ಒಬ್ಬರಿಗೂ ಗಣಿತ ಬೇಡವಾಗಿತ್ತು. ಆಮೇಲೆ ಗೋಡೆಗೆ ದೊಡ್ಡ ಹಾಳೆ ಅಂಟಿಸಿ ಮೂರು ಸಾಲು ಮಾಡಿದೆ: ಶಕ್ತಿ ಕೊಡುವುದು, ಮೈ ಬೆಳೆಸುವುದು, ರೋಗ ತಡೆಯುವುದು. ಹಿಂದಿನ ರಾತ್ರಿ ಮನೆಯಲ್ಲಿ ಉಂಡದ್ದನ್ನು ಚೀಟಿಯಲ್ಲಿ ಬರೆದು, ಯಾವ ಸಾಲಿಗೆ ಸೇರುತ್ತದೋ ಅಲ್ಲಿ ಅಂಟಿಸಬೇಕು.

ಏನಾಯಿತು ಗೊತ್ತೆ? ಇಡೀ ಕ್ಲಾಸು ‘ಅನ್ನ, ತಿಳಿಸಾರು’ ಎಂದು ಬರೆಯಿತು. ಭಾನುವಾರ ಕೋಳಿ ಕೊಯ್ಯುವ ಮನೆಯ ಮಕ್ಕಳೂ ಅದನ್ನೇ ಬರೆದರು. ಮೈ ಬೆಳೆಸುವ ಸಾಲು ಪೂರ್ತಿ ಖಾಲಿ. ಸುಳ್ಳು ಬರೆದರೆ ಪಾಠವೇ ಇಲ್ಲ, ಹೊಟ್ಟೆಗೆ ಹೋದದ್ದರಲ್ಲಿ ನಾಚಿಕೆ ಪಡುವಂಥದ್ದು ಯಾವುದೂ ಇಲ್ಲ ಎಂದೆ. ಯಾರೂ ಕದಲಲಿಲ್ಲ. ಯಶುವನ್ನು ಮೇಜಿನ ಹತ್ತಿರ ಕರೆದೆ. ನಿಮ್ಮಜ್ಜಿ ಮಾರಕ್ಕ ರಾತ್ರಿ ಮುದ್ದೆ ಬಿಟ್ಟು ಬೇರೆ ಮಾಡುವುದಿಲ್ಲವೆಂದು ನನಗೆ ಗೊತ್ತಿಲ್ಲವೆ? ನಿಜ ಹೇಳು ಎಂದೆ. ನನ್ನ ಮುಖವನ್ನೇ ನೋಡುತ್ತ ನಿಂತಳು. ಆಮೇಲೆ ಮೆಲ್ಲಗೆ, “ಮುದ್ದೆ ಮಿಸ್. ದನದ ಬಾಡಿನ ಸಾರು” ಎಂದಳು.

ಅದನ್ನೇ ಬರೆಸಿದೆ. ತಾನಾಗಿಯೇ ಹೋಗಿ ಮೈ ಬೆಳೆಸುವ ಸಾಲಿನಲ್ಲಿ ಅಂಟಿಸಿದಳು. ನಿಜ ಬರೆದವಳು ಇವಳೊಬ್ಬಳೇ, ಸರಿಯಾದ ಜಾಗ ಹುಡುಕಿದವಳೂ ಇವಳೊಬ್ಬಳೇ ಎಂದು ಹೇಳಿ ಎಲ್ಲರ ಕೈಲೂ ಚಪ್ಪಾಳೆ ತಟ್ಟಿಸಿದೆ. ಈರುಳ್ಳಿಯನ್ನೇ ಒಳಗೆ ಬಿಡದ ನಮ್ಮಮ್ಮನಿಗೆ ಇದನ್ನು ಹೇಳಿಲ್ಲ. ಆದರೆ ನನಗೆ ಬಹಳ ಹೆಮ್ಮೆಯಾಯಿತು. ನಿನಗೂ ಆಗಲಿ ಎಂದು ಬರೆದೆ.

ನಿನ್ನ
ಆಂಡಾಳ್


ಲಿಂಗಸುಗೂರು
೧೭ ಜುಲೈ ೧೯೮೦

ಆಂಡಾಳ್,

ನಿನ್ನ ಕಾಗದ ನಿನ್ನೆ ಬಂತು. ಇಲ್ಲಿ ಇನ್ನೂ ಮಳೆಯಿಲ್ಲ. ನನಗೆ ರೂಮು ಕೊಟ್ಟಿರುವ ಸಿದ್ದಬಸಪ್ಪನವರ ಮನೆಯವರು ಬಹಳ ಒಳ್ಳೆಯವರು. ಅವರ ಹೆಂಡತಿ ಸಿದ್ದಮ್ಮ ದಿನಾ ರೊಟ್ಟಿ ಕೊಟ್ಟು ಕಳಿಸುತ್ತಾರೆ, ಬೇಡವೆಂದರೂ ಬಿಡುವುದಿಲ್ಲ.

ಆ ಹಾಳೆ ಇನ್ನೂ ಗೋಡೆಯ ಮೇಲಿದ್ದರೆ ದಯವಿಟ್ಟು ತೆಗೆದುಬಿಡು. ಯಶುವನ್ನು ಮನೆಯ ವಿಷಯ ಏನೂ ಕೇಳಬೇಡ. ಓದು, ಲೆಕ್ಕ ಹೇಳಿಕೊಟ್ಟರೆ ಸಾಕು. ಯಾಕೆ ಏನು ಎಂದು ಸಿಕ್ಕಾಗ ಹೇಳುತ್ತೇನೆ.

ನಾರಾಯಣಮ್ಮ


ಚಾಮರಾಜಪೇಟೆ
೨೬ ಜುಲೈ ೧೯೮೦

ನಾರಾಯಣಿ,

ನನ್ನ ಕಾಗದಕ್ಕೆ ‘ನಾರಾಯಣಮ್ಮ’ ಎಂದು ಸಹಿ ಹಾಕಿದ್ದೀಯಲ್ಲ, ನಾನೇನು ನಿನ್ನ ಇನ್‌ಸ್ಪೆಕ್ಟರೆ?

ನಿನ್ನ ಸಂಕೋಚ ನನಗೆ ಅರ್ಥವಾಗುತ್ತದೆ. ಆದರೆ ನಾವೇ ಸಂಕೋಚಪಟ್ಟರೆ ಮಕ್ಕಳು ಯಾವಾಗ ಕಲಿಯುವುದು? ಹಾಳೆ ತೆಗೆಯಲಿಲ್ಲ. ನಮ್ಮ ಹೆಡ್‌ಮಿಸ್ಟ್ರೆಸ್ ಗಿರಿಜಾಂಬಾ ಅವರು ಸ್ವಲ್ಪ ದಿನ ಅದರ ಮೇಲೆ ಭೂಪಟ ನೇತುಹಾಕಿ ಎಂದರು, ಹಾಕಿದ್ದೇನೆ. ಒಂದಿಬ್ಬರು ತಂದೆತಾಯಿಗಳು ಬಂದು ಏನೋ ಕೇಳಿಕೊಂಡು ಹೋದರು. ಅದೆಲ್ಲ ಇದ್ದದ್ದೇ.

ಯಶು ಚೆನ್ನಾಗಿದ್ದಾಳೆ. ಮಧ್ಯಾಹ್ನ ಈಗ ಅವಳೂ ನಾನೂ ಪಕ್ಕಪಕ್ಕದಲ್ಲೇ ಕೂತು ಊಟ ಮಾಡುತ್ತೇವೆ. ಒಳ್ಳೆಯ ಮಾತುಗಾತಿ ಆಗುತ್ತಾಳೆ ನೋಡುತ್ತಿರು. ಪಾಠ ಮುಂದುವರಿದಿದೆ, ಬರುವ ತಿಂಗಳ ಮೊದಲ ವಾರ ಎಲ್ಲರನ್ನೂ ಮತ್ತೆ ತೂಕ ಮಾಡುವುದಿದೆ.

ಆಂಡಾಳ್


ಲಿಂಗಸುಗೂರು
೪ ಆಗಸ್ಟ್ ೧೯೮೦

ಆಂಡಾಳ್,

ನಮ್ಮಮ್ಮ ಪಕ್ಕದ ಮನೆಯ ಆಂಜಿನಯ್ಯನ ಕೈಲಿ ಕಾಗದ ಬರೆಸಿದ್ದಾಳೆ. ಅವಳು ಸೊಪ್ಪು ಮಾರಿ ಮಾರ್ಕೆಟ್ಟಿನಿಂದ ಮನೆಗೆ ಬರುವ ಹೊತ್ತಿಗೆ ಯಶು ಬಂದು ತಣ್ಣಗಿನ ಮುದ್ದೆಯನ್ನು ನಿಂತುಕೊಂಡೇ ತಿನ್ನುತ್ತಿರುತ್ತಾಳಂತೆ. ಸ್ಕೂಲಿಗೆ ಡಬ್ಬಿ ತೆಗೆದುಕೊಂಡು ಹೋಗುವುದನ್ನು ಬಿಟ್ಟಿದ್ದಾಳಂತೆ. ಕೇಳಿದರೆ ಹಸಿವಿಲ್ಲ ಅನ್ನುತ್ತಾಳಂತೆ.

ನಿನ್ನ ಪಕ್ಕ ಕೂತು ಊಟ ಮಾಡುತ್ತಾಳೆ ಎಂದು ನೀನೇ ಬರೆದಿದ್ದೆ. ನಿನ್ನ ಪಕ್ಕ ಯಾಕೆ ಕೂರುತ್ತಾಳೆ? ಅವಳ ಜೊತೆ ಕೂರುತ್ತಿದ್ದ ಹುಡುಗಿಯರು ಎಲ್ಲಿಗೆ ಹೋದರು? ಡಬ್ಬಿಯೇ ಇಲ್ಲದ ಮೇಲೆ ಏನು ಊಟ ಮಾಡುತ್ತಾಳೆ?

ಒಂದು ಮಾತೂ ಮುಚ್ಚಿಡದೆ ಬರೆ.

ನಾರಾಯಣಮ್ಮ


ಚಾಮರಾಜಪೇಟೆ
೧೧ ಆಗಸ್ಟ್ ೧೯೮೦

ನಾರಾಯಣಿ,

ಸರಿಮಾಡಿಯೇ ನಿನಗೆ ಬರೆಯೋಣ ಎಂದುಕೊಂಡಿದ್ದೆ. ಸರಿಹೋಗಲಿಲ್ಲ.

ಚೀಟಿ ಅಂಟಿಸಿದ ಮಾರನೆಯ ದಿನವೇ ಅವಳ ಬೆಂಚಿನ ಹುಡುಗಿ ಜಾಗ ಬದಲಿಸಿ ಕೂತಳು. ಮನೆಯಲ್ಲಿ ಹೇಳಿಕೊಟ್ಟಿದ್ದರು. ವಾರದೊಳಗೆ ಊಟದ ಹೊತ್ತಿಗೆ ವೆರಾಂಡದ ಒಂದು ತುದಿಯಲ್ಲಿ ಯಶು, ಇನ್ನೊಂದು ತುದಿಯಲ್ಲಿ ಉಳಿದವರು. ಬಯ್ದೆ, ತಿಳಿಹೇಳಿದೆ. ನನ್ನ ಎದುರಿಗೆ ಹತ್ತಿರ ಬಂದು ಕೂರುತ್ತಿದ್ದರು, ಬೆನ್ನು ತಿರುಗಿಸಿದರೆ ಡಬ್ಬಿ ಎತ್ತಿಕೊಂಡು ಹೋಗುತ್ತಿದ್ದರು. ಅದಕ್ಕೇ ನಾನೇ ನನ್ನ ಡಬ್ಬಿ ತಂದು ಅವಳ ಪಕ್ಕ ಕೂರಲು ಶುರುಮಾಡಿದೆ. ಕೆಲವು ದಿನ ಸುಮ್ಮನಿದ್ದಳು. ಒಂದು ದಿನ ತಲೆ ಎತ್ತದೆ, “ಮಿಸ್, ನೀವಿಲ್ಲಿ ಕೂತ್ರೆ ಎಲ್ರೂ ನನ್ನೇ ನೋಡ್ತಾರೆ. ನೀವು ಸ್ಟಾಫ್ ರೂಮಿಗೆ ಹೋಗಿ” ಎಂದಳು. ಹೋದೆ. ಅವಳು ಆಮೇಲೆ ಡಬ್ಬಿ ತರುವುದನ್ನೇ ಬಿಟ್ಟಳೆಂದು ನನಗೆ ತಿಳಿಯಲಿಲ್ಲ. ಬಾವಿಕಟ್ಟೆಯ ಹತ್ತಿರ ಆಡಲು ಹೋಗುತ್ತಾಳೆ ಎಂದುಕೊಂಡಿದ್ದೆ.

ತೂಕ ಮಾಡಿದ ದಿನ ತಿಳಿಯಿತು. ಹೋದ ತಿಂಗಳಿಗಿಂತ ಕಡಿಮೆ ತೂಗಿದಳು. ಇಡೀ ಕ್ಲಾಸಿನಲ್ಲಿ ಇಳಿದವಳು ಅವಳೊಬ್ಬಳೇ. ತಕ್ಕಡಿಯಿಂದ ಇಳಿಯುವಾಗ ಕಣ್ಣು ಕತ್ತಲೆ ಬಂದು ಕುಸಿದಳು. ಗಾಬರಿಯಾಗಬೇಡ, ಈಗ ಪರವಾಗಿಲ್ಲ. ನಿಮ್ಮಮ್ಮನಿಗೆ ಎಲ್ಲವನ್ನೂ ಹೇಳಿದ್ದೇನೆ. ಈಗ ಮಧ್ಯಾಹ್ನ ಅವರೇ ಬಂದು ಗೇಟಿನ ಹತ್ತಿರ ಕೂರಿಸಿಕೊಂಡು ಉಣ್ಣಿಸಿ ಹೋಗುತ್ತಾರೆ.

ಸ್ಕೂಲಿನ ಕಾರ್ಯದರ್ಶಿ ಬದರೀನಾರಾಯಣ ರಾಯರು ನನ್ನನ್ನು ಕರೆಸಿದ್ದರು. ದೊಡ್ಡ ದನಿ ಮಾಡುವವರಲ್ಲ. ಕೂರಿಸಿ ಕಾಫಿ ಕೊಟ್ಟು, “ಆ ಮಗೂನ ಕಾರ್ಪೊರೇಷನ್ ಸ್ಕೂಲಿಗೆ ಸೇರಿಸೋಕೆ ಅಜ್ಜಿಗೆ ನೀವೇ ಹೇಳಿಬಿಡಿ. ನಿಮ್ಮ ಬಾಯಿಂದ ಹೋದ್ರೆ ನೋವಾಗಲ್ಲ” ಎಂದರು. ನನ್ನ ಕೆಲಸ ಇನ್ನೂ ಖಾಯಂ ಆಗಿಲ್ಲವೆಂಬುದನ್ನೂ ಮಾತಿನ ನಡುವೆ ನೆನಪಿಸಿದರು. ಆಗುವುದಿಲ್ಲ ಎಂದು ಎದ್ದು ಬಂದೆ. ಕಮಿಟಿ ಸಭೆ ಕರೆಯುತ್ತಾರಂತೆ.

ನಾನು ಪತ್ರಿಕೆಗೆ ಬರೆಯುತ್ತೇನೆ, ವಿದ್ಯಾ ಇಲಾಖೆಗೂ ಬರೆಯುತ್ತೇನೆ. ಆದರೆ ನೀನು ತಾಯಿ, ನಿನ್ನ ಹೆಸರಿನಲ್ಲಿ ದೂರು ಹೋದರೆ ಅದರ ಬಲವೇ ಬೇರೆ. ಎರಡು ಪುಟ ಬರೆದು ಸಹಿ ಹಾಕಿ ಕಳಿಸು. ಬೇಗ.

ಆಂಡಾಳ್


ಲಿಂಗಸುಗೂರು
೧೬ ಆಗಸ್ಟ್ ೧೯೮೦

ಆಂಡಾಳ್,

ನಾನು ಬರೆಯುವುದಿಲ್ಲ, ಸಹಿಯನ್ನೂ ಹಾಕುವುದಿಲ್ಲ. ಪತ್ರಿಕೆಗೆ ನೀನೂ ಬರೆಯಬೇಡ. ನನ್ನ ಹೆಸರು, ಯಶುವಿನ ಹೆಸರು, ನಾನಿರುವ ಊರಿನ ಹೆಸರು ಎಲ್ಲಿಯೂ ಅಚ್ಚಾಗಬಾರದು. ಕಾರ್ಪೊರೇಷನ್ ಸ್ಕೂಲು ಎಂದರೆ ಅದೇ ಆಗಲಿ. ಅಮ್ಮನಿಗೆ ಹೇಳಿ ಸೇರಿಸು.

ನಾರಾಯಣಮ್ಮ


ಚಾಮರಾಜಪೇಟೆ
೨೧ ಆಗಸ್ಟ್ ೧೯೮೦

ನಾರಾಯಣಮ್ಮನವರಿಗೆ,

ಟ್ರೈನಿಂಗ್ ಹಾಸ್ಟೆಲಿನಲ್ಲಿ ನಿನ್ನ ತಟ್ಟೆಯನ್ನು ಬೇರೆ ಇಟ್ಟಾಗ ಅದನ್ನು ಎತ್ತಿ ವಾರ್ಡನ್ ಮೇಜಿನ ಮೇಲೆ ಇಟ್ಟು ಬಂದವಳು ನೀನು. ಅವತ್ತು ನಿನ್ನ ಹಿಂದೆ ನಿಲ್ಲಲು ನಾನೇ ಹೆದರಿದ್ದೆ. ಅದೇ ನಾರಾಯಣಿ ಈಗ ಮಗಳು ಹಸಿದು ಬಿದ್ದಳೆಂದು ತಿಳಿದ ಮೇಲೂ ಹೆಸರು ಅಚ್ಚಾಗಬಾರದು ಎಂದು ಬರೆಯುತ್ತಾಳೆ. ಸರ್ಕಾರಿ ಕೆಲಸ ಖಾಯಂ ಆಯಿತು, ಒಳ್ಳೆಯ ಮನೆಯ ರೊಟ್ಟಿ ಸಿಕ್ಕಿತು, ಅಷ್ಟು ಸಾಕಾಯಿತೆ ನಿನಗೆ? ಅವಳನ್ನು ಇಲ್ಲಿ ಬಿಟ್ಟುಹೋದಾಗ ಒಳ್ಳೆಯ ಸ್ಕೂಲಿನಲ್ಲಿ ಓದಲಿ ಎಂದೇ ಬಿಟ್ಟೆ ಎಂದು ನಂಬಿದ್ದೆ. ಈಗ ಅದೇ ಸ್ಕೂಲಿನಿಂದ ಕರೆದುಕೊಂಡು ಹೋಗು ಎನ್ನುತ್ತೀಯೆ.

ನಾನು ಕರೆದುಕೊಂಡು ಹೋಗುವುದಿಲ್ಲ. ಸಭೆ ಸೆಪ್ಟೆಂಬರ್ ಮೊದಲ ವಾರ.

ಆಂಡಾಳ್


ಲಿಂಗಸುಗೂರು
೨೭ ಆಗಸ್ಟ್ ೧೯೮೦

ಆಂಡಾಳ್,

ಒಳ್ಳೆಯ ಸ್ಕೂಲಿನಲ್ಲಿ ಓದಲಿ ಎಂದು ನಾನು ಯಶುವನ್ನು ಬೆಂಗಳೂರಿನಲ್ಲಿ ಬಿಡಲಿಲ್ಲ. ನೀನು ಹಾಗೆ ತಿಳಿದುಕೊಂಡೆ, ನಾನು ಸುಮ್ಮನಿದ್ದೆ.

ಈ ಊರಿಗೆ ಬಂದಾಗ ರೂಮಿಗಾಗಿ ಎಷ್ಟೋ ಬೀದಿ ಸುತ್ತಿದೆ. ಮೊದಲು ಬಾಗಿಲು ತೆರೆಯುತ್ತಿದ್ದರು, ಟೀಚರ್ ಎಂದರೆ ಒಳಗೆ ಕೂರಿಸಿ ನೀರು ಕೊಡುತ್ತಿದ್ದರು, ಆಮೇಲೆ ಅದೊಂದು ಪ್ರಶ್ನೆ ಕೇಳುತ್ತಿದ್ದರು. ಉತ್ತರ ಹೇಳಿದ ಮೇಲೆ ರೂಮು ನಿನ್ನೆಯೇ ಬೇರೆಯವರಿಗೆ ಆಗಿಹೋಗಿರುತ್ತಿತ್ತು. ರಾತ್ರಿ ಬಸ್ ಸ್ಟ್ಯಾಂಡಿನಲ್ಲಿ ಯಶುವನ್ನು ತೊಡೆಯ ಮೇಲೆ ಮಲಗಿಸಿಕೊಂಡು ಕೂತಿದ್ದೆ. ಅವಳಪ್ಪ ಇದ್ದಿದ್ದರೆ ಎಂದು ಅವತ್ತು ಅನ್ನಿಸಿದ ಹಾಗೆ ಅವರು ತೀರಿಕೊಂಡ ದಿನವೂ ಅನ್ನಿಸಿರಲಿಲ್ಲ. ಅವಳನ್ನು ಅಮ್ಮನ ಹತ್ತಿರ ಬಿಟ್ಟು ಒಬ್ಬಳೇ ವಾಪಸು ಬಂದೆ. ಸಿದ್ದಮ್ಮ ಬಾಗಿಲಲ್ಲಿ ನಿಂತು, “ನೀವು ಯಾವ ಮಂದಿ ಅಕ್ಕಾರ?” ಎಂದು ಕೇಳಿದರು. ನಾವು ಶೆಟ್ಟರು, ನಮ್ಮ ತಂದೆ ಬೆಂಗಳೂರಿನಲ್ಲಿ ಅಂಗಡಿ ಇಟ್ಟಿದ್ದರು ಎಂದೆ. ಅವತ್ತೇ ಬೀಗದ ಕೈ ಕೊಟ್ಟರು. ನಮ್ಮ ಹೆಡ್‌ಮಾಸ್ತರರಿಗೆ ನಿಜ ಗೊತ್ತು. ಹೊರಗೆ ಆಡಬೇಡಿ ಎಂದು ಅವರೇ ಬುದ್ಧಿ ಹೇಳಿದರು.

ದೊಡ್ಡವಳು ನಾನು, ನಾಲಿಗೆ ಹಿಡಿದುಕೊಂಡು ಇರಬಲ್ಲೆ. ಮಗು ಇರಬಲ್ಲಳೆ? ಅದಕ್ಕೇ ಅವಳು ನನ್ನ ಹತ್ತಿರ ಇಲ್ಲ. ಬಿಟ್ಟು ಬರುವಾಗ ಹೇಳಿಕೊಟ್ಟಿದ್ದೆ: ಯಾರು ಕೇಳಿದರೂ ಅನ್ನ, ತಿಳಿಸಾರು ಎನ್ನು ಎಂದು. ಒಂದು ವರ್ಷ ಹಾಗೇ ಹೇಳಿದಳು. ನಿನ್ನ ಹತ್ತಿರವೂ ಹಾಗೇ ಬರೆದಳು. ನೀನು ಮೇಜಿನ ಹತ್ತಿರ ಕರೆದು ಬಾಯಿ ಬಿಡಿಸಿದೆ. ನಾಚಿಕೆ ಪಡುವಂಥದ್ದಿಲ್ಲ ಎಂದೆಯಲ್ಲ, ನಾಚಿಕೆ ಅಲ್ಲ ಆಂಡಾಳ್, ಹೆದರಿಕೆ. ನಿನ್ನ ಮನೆಯಲ್ಲಿ ಏನು ಉಂಡರೂ ನಿನಗೆ ಬೀಗದ ಕೈ ಸಿಗುತ್ತದೆ.

ಹಾಸ್ಟೆಲಿನ ಮಾತು ಎತ್ತಿದ್ದೀಯೆ. ಅವತ್ತು ನನಗೆ ಮಗಳಿರಲಿಲ್ಲ.

ಇನ್ನು ನೀನು ಏನು ಮಾಡುತ್ತೀಯೋ ಮಾಡು.

ನಾರಾಯಣಿ


ಚಾಮರಾಜಪೇಟೆ
೫ ಸೆಪ್ಟೆಂಬರ್ ೧೯೮೦

ನಾರಾಯಣಿ,

ನಿನ್ನ ಕಾಗದ ಸಭೆಯ ಹಿಂದಿನ ದಿನ ಬಂತು. ಪತ್ರಿಕೆಗೆಂದು ಬರೆದಿಟ್ಟದ್ದನ್ನು ಒಲೆಗೆ ಹಾಕಿದೆ. ಇಲಾಖೆಗೂ ಬರೆಯಲಿಲ್ಲ. ಅವಳು ನನ್ನ ಮುಖವನ್ನೇ ನೋಡುತ್ತ ನಿಂತಿದ್ದಳು ಎಂದು ಬರೆದಿದ್ದೆನಲ್ಲ, ಏನು ಯೋಚಿಸುತ್ತಿದ್ದಳು ಎಂದು ಈಗ ಗೊತ್ತಾಯಿತು.

ಸಭೆ ನಿನ್ನೆ ಆಯಿತು. ನಿಮ್ಮಮ್ಮನನ್ನು ಕರೆಸಿದ್ದರು. ಒಗೆದ ಸೀರೆ ಉಟ್ಟು ಬಂದಿದ್ದರು. ಅವರು ಬಾಗಿಲ ಬಳಿ ನಿಂತೇ ಇದ್ದರು. ಕೂತುಕೊಳ್ಳಿ ಎನ್ನಲು ಅಲ್ಲಿ ಯಾರಿಗೂ ತೋಚಲಿಲ್ಲ. ನಾನು ಎದ್ದು ನನ್ನ ಕುರ್ಚಿ ಕೊಟ್ಟೆ. ಅವರು ಕೂರಲಿಲ್ಲ.

ರಾಯರು ಮೆತ್ತಗೇ ಶುರುಮಾಡಿದರು. “ಮಗು ಒಳ್ಳೇದಕ್ಕೇ ಹೇಳ್ತಿರೋದು ಕಣಮ್ಮ. ಅವಳ ಥರದ ಮಕ್ಕಳಿರೋ ಕಡೆ ಇದ್ರೆ ಅವಳಿಗೂ ಸಲೀಸು. ನೀವಾಗೇ ಬಿಡಿಸಿಕೊಂಡು ಹೋದ್ರೆ ಯಾರಿಗೂ ಬೇಜಾರಿಲ್ಲ.”

ನಿಮ್ಮಮ್ಮ ಪೂರ್ತಿ ಕೇಳಿಸಿಕೊಂಡರು. ಆಮೇಲೆ ಹೇಳಿದರು: “ನಮ್ ಮಗು ಕದೀಲಿಲ್ಲ, ಯಾರ್ಗೂ ಹೊಡೀಲಿಲ್ಲ. ಟೀಚರಮ್ಮ ಕೇಳಿದ್ರು, ಹೇಳ್ತು. ಬಿಡಿಸ್ಬೇಕು ಅಂದ್ರೆ ನೀವೇ ಬಿಡಿಸಿ ಸ್ವಾಮಿ. ನಾನ್ ಬಿಡ್ಸಲ್ಲ.”

ರಾಯರು ಗಿರಿಜಾಂಬಾ ಅವರ ಕಡೆ ನೋಡಿದರು. ಆಕೆ ರಿಜಿಸ್ಟರನ್ನು ಎದುರಿಗೆ ಎಳೆದುಕೊಂಡರು. ಯಾರ ಪರವೂ ಮಾತಾಡದೆ ಇಷ್ಟು ವರ್ಷ ತಳ್ಳಿದವರು. “ನಾನು ಹೆಸರು ಹೊಡೆಯಬೇಕು ಅಂದ್ರೆ ಇಲಾಖೆಯವರು ನೋಡೋ ರಿಜಿಸ್ಟರಲ್ಲಿ ಕಾರಣ ಬರೀಬೇಕಾಗುತ್ತೆ ಸಾರ್. ಮನೇಲಿ ಏನು ತಿಂತಾಳೆ ಅನ್ನೋದನ್ನೇ ಬರೀತೀನಿ. ಬರೀಲಾ?” ಎಂದರು. ರಾಯರು ಬೇಡ ಎಂದರು.

ಯಶು ಉಳಿದಳು. ನಾನು ಉಳಿಯಲಿಲ್ಲ. ಪಾಠ ಪುಸ್ತಕದಲ್ಲಿಲ್ಲದ್ದನ್ನು ಕಲಿಸಿ ಮಕ್ಕಳ ಮನೆಗಳಲ್ಲಿ ಮನಸ್ತಾಪ ತಂದಿದ್ದಕ್ಕೆ ದಸರಾ ರಜದ ನಂತರ ನನ್ನ ಸೇವೆ ಬೇಡವಂತೆ. ಅಮ್ಮನಿಗೆ ಇನ್ನೂ ಹೇಳಿಲ್ಲ. ವೈಯಾಲಿಕಾವಲಿನ ಒಂದು ಶಿಶುವಿಹಾರದಲ್ಲಿ ವಿಚಾರಿಸಿಕೊಂಡು ಬಂದಿದ್ದೇನೆ.

ನನ್ನ ಮೇಲೆ ಸಿಟ್ಟಿದ್ದರೆ ಇರಲಿ. ಆದರೆ ಬರೆಯುವುದನ್ನು ನಿಲ್ಲಿಸಬೇಡ.

ಆಂಡಾಳ್


ಲಿಂಗಸುಗೂರು
೨ ಅಕ್ಟೋಬರ್ ೧೯೮೦

ಆಂಡಾಳ್,

ತಡವಾಯಿತು. ಸಿಟ್ಟಿನಿಂದ ಅಲ್ಲ. ನಿನ್ನ ಕಾಗದ ಓದಿದ ಮೇಲೆ ನಮ್ಮಮ್ಮ ಬಾಗಿಲ ಬಳಿ ನಿಂತು ಆಡಿದ ಮಾತು ಕಿವಿಯಿಂದ ಹೋಗಲಿಲ್ಲ. ಅವಳು ಅಲ್ಲಿ ನಿಂತು ಹೇಳಿದ್ದನ್ನು ನಾನು ಇಲ್ಲಿ ವರ್ಷದಿಂದ ನುಂಗಿಕೊಂಡು ಕೂತಿದ್ದೆ.

ನನ್ನ ಕ್ಲಾಸಿನಲ್ಲೂ ಆಹಾರದ ಪಾಠ ಬಂತು. ಪುಸ್ತಕ ಓದಿಸಿ ಮುಗಿಸಬಹುದಿತ್ತು. ಹಲಗೆಯ ಮೇಲೆ ಅದೇ ಮೂರು ಸಾಲು ಬರೆದೆ. ಯಾರನ್ನೂ ಏನೂ ಕೇಳಲಿಲ್ಲ. ನಾನು ಮೊದಲು ನನ್ನದು ಬರೆಯುತ್ತೇನೆ, ಬರೆಯಬೇಕು ಅನ್ನಿಸಿದವರು ಬರೆಯಿರಿ, ಬೇಡವಾದವರು ಸುಮ್ಮನೆ ನೋಡಿ ಎಂದೆ. ಚಿಕ್ಕಂದಿನಲ್ಲಿ ನಮ್ಮ ಮನೆಯಲ್ಲಿ ಏನು ಬೇಯುತ್ತಿತ್ತೋ ಅದನ್ನೆಲ್ಲ ಒಂದೊಂದಾಗಿ ಬರೆದೆ. ಮೈ ಬೆಳೆಸುವ ಸಾಲಿಗೆ ಬಂದಾಗ ಕೈ ನಿಂತಿತು. ಮೂರನೇ ಬೆಂಚಿನಲ್ಲಿ ಸಿದ್ದಬಸಪ್ಪನವರ ಮಗಳು ಕೂತಿದ್ದಳು. ಅವಳು ಇದ್ದಾಳೆಂದು ಗೊತ್ತಿದ್ದೇ ಬರೆದೆ.

ಹಿಂದಿನ ಬೆಂಚುಗಳಿಂದ ನಾಲ್ಕೈದು ಮಕ್ಕಳು ಎದ್ದು ಬಂದವು. ಇಷ್ಟು ದಿನ ಬಾಯೇ ಬಿಡದಿದ್ದ ಮಕ್ಕಳು. ನನ್ನ ಅಕ್ಷರದ ಕೆಳಗೆ ತಮ್ಮದನ್ನೂ ಬರೆದವು.

ಸಂಜೆ ರೂಮಿಗೆ ಹೋದಾಗ ರೊಟ್ಟಿ ಬಂದಿರಲಿಲ್ಲ. ಸಿದ್ದಬಸಪ್ಪನವರು ಎದುರಿಗೆ ಬರಲಿಲ್ಲ. ಅಮಾವಾಸ್ಯೆಯೊಳಗೆ ಖಾಲಿ ಮಾಡಬೇಕೆಂದು ಹೇಳಿಕಳಿಸಿದರು. ನಾನು ಟ್ರಂಕು ಕಟ್ಟುವಾಗ ಸಿದ್ದಮ್ಮ ಬಂದು ಹೊಸ್ತಿಲ ಆಚೆ ನಿಂತರು. ಅತ್ತಿದ್ದರು ಅಂತ ಕಾಣುತ್ತದೆ.

“ಮೊದ್ಲ ಹೇಳಬಾರ್ದಾಗಿತ್ತೇನ್ರಿ ಅಕ್ಕಾರ?”

“ಹೇಳಿದ್ರ ರೂಮು ಕೊಡ್ತಿದ್ರೇನ್ರಿ?”

ಅವರು ಸೆರಗು ಬಾಯಿಗೆ ಹಿಡಿದುಕೊಂಡು ಒಳಗೆ ಹೋದರು. ಕೆಟ್ಟವರು ಎಂದು ನನಗೆ ಈಗಲೂ ಅನ್ನಿಸುವುದಿಲ್ಲ. ಜ್ವರ ಬಂದಾಗ ನನ್ನ ತಲೆಗೆ ಒದ್ದೆ ಬಟ್ಟೆ ಹಾಕಿದ ಕೈ ಅದು. ಅದಕ್ಕೇ ಹೆಚ್ಚು ನೋವು.

ಕೇರಿಯಲ್ಲಿ ಒಂದು ಮನೆ ಸಿಕ್ಕಿದೆ. ತಗಡಿನ ಮಾಡು, ನೀರು ದೂರ. ಸ್ಕೂಲಿಗೆ ಮೈಲಿಗಟ್ಟಲೆ ನಡೆಯಬೇಕು. ಯಾರೂ ಏನೂ ಕೇಳಲಿಲ್ಲ.

ಇನ್ನು ಮುಚ್ಚಿಡುವುದಕ್ಕೆ ಏನೂ ಉಳಿದಿಲ್ಲ. ಯಶು ನನ್ನ ಹತ್ತಿರ ಬರಲಿ. ದಸರಾ ರಜದಲ್ಲಿ ಕಳಿಸಿಕೊಡುತ್ತೀಯಾ?

ನಾರಾಯಣಿ


ಚಾಮರಾಜಪೇಟೆ
೯ ಅಕ್ಟೋಬರ್ ೧೯೮೦

ನಾರಾಯಣಿ,

ನಾನೇ ಕರೆದುಕೊಂಡು ಬರುತ್ತೇನೆ. ರಾಯಚೂರಿನವರೆಗೆ ರೈಲು, ಅಲ್ಲಿಂದ ಬಸ್ಸು. ಹೇಗೂ ನನಗೀಗ ರಜವೇ ರಜ.

ಯಶುವಿಗೆ ಹೇಳಿದೆ. ಎಗರಿ ಕುಣಿಯುತ್ತಾಳೆ ಎಂದುಕೊಂಡಿದ್ದೆ. ಅವಳು, “ಪೂರ್ತಿ ಅಲ್ಲೇ ಇರೋದಾ? ವಾಪಸ್ ಕಳ್ಸಲ್ವಾ?” ಎಂದು ಮೂರು ನಾಲ್ಕು ಸಲ ಕೇಳಿದಳು. ನಿಮ್ಮಮ್ಮ ಹೋಗಲಿ ಎಂದರು, ಆದರೆ ಅವತ್ತಿನಿಂದ ನನ್ನ ಹತ್ತಿರ ಮಾತು ಕಡಿಮೆ. ಮೊಮ್ಮಗಳು ಹೋದ ಮೇಲೆ ಆ ಮನೆ ಹೇಗಿರುತ್ತದೋ.

ಹೋದ ವಾರದಿಂದ ಒಬ್ಬ ಹುಡುಗಿ ಊಟದ ಹೊತ್ತಿಗೆ ಯಶುವಿನ ಹತ್ತಿರ ಬಂದು ಕೂರುತ್ತಿದ್ದಳು. ನಾನು ಹೇಳಿದ್ದಲ್ಲ. ಈಗ ಇವಳು ಹೊರಟಳು. ಇದನ್ನು ನಿನ್ನ ಮನಸ್ಸು ಬದಲಾಗಲಿ ಎಂದು ಬರೆಯುತ್ತಿಲ್ಲ. ಆದದ್ದು ನಿನಗೆ ತಿಳಿದಿರಲಿ ಎಂದಷ್ಟೆ.

ಆಂಡಾಳ್


ಲಿಂಗಸುಗೂರು
೨೮ ಅಕ್ಟೋಬರ್ ೧೯೮೦

ಪ್ರೀತಿಯ ಆಂಡಾಳ್,

ನೀನು ಬಸ್ಸು ಹತ್ತಿದ ಮೇಲೆ ಯಶು ಒಂದು ದಿನವೆಲ್ಲ ತನ್ನ ಚೀಲದ ಪಕ್ಕದಲ್ಲೇ ಕೂತಿದ್ದಳು. ನಾನೂ ಬಲವಂತ ಮಾಡಲಿಲ್ಲ. ಒಂದು ವರ್ಷದಲ್ಲಿ ಎಷ್ಟು ಉದ್ದವಾಗಿದ್ದಾಳೆ. ಮೊದಲ ರಾತ್ರಿ ಅಪರಿಚಿತರ ಮನೆಯಲ್ಲಿ ಮಲಗಿದ ಹಾಗೆ ಕೈಕಾಲು ಮುದುರಿಕೊಂಡು ಮಲಗಿದ್ದಳು. ಬೆಳಿಗ್ಗೆ ಜಡೆ ಹಾಕಲು ಕೂರಿಸಿಕೊಂಡಾಗ, ಇಷ್ಟು ದಿನ ಯಾಕೆ ಕರೆಸಿಕೊಳ್ಳಲಿಲ್ಲ ಎಂದು ಕೇಳಿದಳು. ಮುಖ ಕಾಣದ ಹಾಗೆ ಕೂತಿದ್ದಳಲ್ಲ, ಅದಕ್ಕೇ ಕೇಳಲು ಆಯಿತೇನೋ. ಎಲ್ಲವನ್ನೂ ಹೇಳಿದೆ, ಬಸ್ ಸ್ಟ್ಯಾಂಡಿನ ರಾತ್ರಿಯನ್ನೂ ಹೇಳಿದೆ. ಅವಳಿಗೆ ಅದು ನೆನಪಿತ್ತು. ಅಲ್ಲಿ ನಾಯಿಗಳಿದ್ದವು ಎಂದಳು.

ಸ್ಕೂಲಿಗೆ ಸೇರಿಸಿದೆ. ಇಲ್ಲಿಯ ಮಾತು ಅವಳಿಗೆ ಹತ್ತುತ್ತಿಲ್ಲ, ಇವಳ ಮಾತಿಗೆ ಮಕ್ಕಳು ನಗುತ್ತವೆ. ಸಿದ್ದಮ್ಮ ಮೊನ್ನೆ ದಾರಿಯಲ್ಲಿ ಸಿಕ್ಕಿದರು. ನಿಂತು ಯಶುವನ್ನು ನೋಡಿ ಹೋದರು.

ನಿನ್ನೆ ಸಂತೆಯಿಂದ ಒಣಮೀನು ತಂದಿದ್ದೆ. ಹುರಿಯಲು ಶುರುಮಾಡಿದಾಗ ವಾಸನೆ ಎದ್ದಿತು. ನಾನು ಎದ್ದು ಹೋಗಿ ಬಾಗಿಲು ಹಾಕಿಬಿಟ್ಟೆ. ಹಾಕಿದ್ದು ನನಗೇ ತಿಳಿಯಲಿಲ್ಲ. ತಗಡಿನ ಮನೆ, ಕ್ಷಣದಲ್ಲಿ ಹೊಗೆ ತುಂಬಿತು. ಯಶು ಕೆಮ್ಮುತ್ತ, “ಸೆಕೆ ಕಣಮ್ಮ” ಎಂದು ಎದ್ದು ಹೋಗಿ ಎರಡೂ ಕದಗಳನ್ನು ಗೋಡೆಗೆ ಒತ್ತಿ ತೆರೆದು, ಮುಚ್ಚದ ಹಾಗೆ ಒಂದಕ್ಕೆ ಕಲ್ಲು ಇಟ್ಟು ಬಂದಳು. ಬೀದಿಯಲ್ಲಿ ಹೋಗುತ್ತಿದ್ದವರೊಬ್ಬರು ಒಳಗೆ ನೋಡಿ, ಊಟ ಆಯಿತೇನ್ರಿ ಟೀಚರ್ ಎಂದರು. ಇನ್ನೂ ಇಲ್ಲ, ಮೀನು ಹುರಿಯುತ್ತಿದ್ದೇನೆ ಎಂದೆ.

ನಾರಾಯಣಿ